ಪಾತ್ರಕ್ಕೆ ಹಣ: ಊರಿನ ರೂಢಿ, ನಗರದ ಬಲೆ

ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರು, ಚಿಕ್ಕಬಳ್ಳಾಪುರದ ಹಳ್ಳಿಗಳಿಗೆ ಪೌರಾಣಿಕ ನಾಟಕ ಹೊಸದಲ್ಲ. ಕೆಲವೆಡೆ ಕನ್ನಡದಲ್ಲಿ, ಕೆಲವೆಡೆ ತೆಲುಗಿನಲ್ಲಿ ರಾತ್ರಿಯಿಡೀ 'ಕುರುಕ್ಷೇತ್ರ' ನಡೆಯುತ್ತದೆ. ಹಾರ್ಮೋನಿಯಂ ಮೇಷ್ಟರ ಸಂಭಾವನೆ, ಸೀನರಿ, ವೇಷಭೂಷಣಗಳ ವೆಚ್ಚವನ್ನು ಪಾತ್ರಧಾರಿಗಳೇ ಭರಿಸುವುದು ವಾಡಿಕೆ. ದುರ್ಯೋಧನನಿಗೆ ಹೆಚ್ಚು, ಚಿಕ್ಕ ಪಾತ್ರಕ್ಕೆ ಕಡಿಮೆ. ಇದರಲ್ಲಿ ವಂಚನೆಯಿಲ್ಲ. ಹವ್ಯಾಸದ ಬೆಲೆಯನ್ನು ಊರ ಮಂದಿಯ ಎದುರಿನಲ್ಲೇ ತೆರಲಾಗುತ್ತದೆ.

ಆದರೆ ಇದೇ ರೂಢಿಯನ್ನು ಮನಸ್ಸಿನಲ್ಲಿಟ್ಟುಕೊಂಡು ನಮ್ಮ ಹುಡುಗರು ಬೆಂಗಳೂರಿನ ಬಸ್ಸು ಹತ್ತಿದರೆ ಅಪಾಯ ಕಾದಿರುತ್ತದೆ. 'ಪಾತ್ರ ಖಚಿತ, ನೋಂದಣಿ ಶುಲ್ಕ ಕಟ್ಟಿ' ಎಂಬ ಮಾತು ಅವರಿಗೆ ಅಸಹಜವೆನಿಸುವುದೇ ಇಲ್ಲ. ಎಷ್ಟೋ ಮನೆಗಳಲ್ಲಿ ರೇಷ್ಮೆಗೂಡು ಮಾರಿದ ಹಣವೇ ಹೀಗೆ ಕೈಬಿಡುವುದುಂಟು.

ಒಂದು ಕಾಲಕ್ಕೆ ನಿರ್ದೇಶಕರೇ ರಂಗಭೂಮಿಯಿಂದ ನಟರನ್ನು ಆರಿಸುತ್ತಿದ್ದರು. ಗುಬ್ಬಿ ಕಂಪನಿಯಲ್ಲಿ ಪಳಗಿದ್ದ ಮುತ್ತುರಾಜ್, 1954ರಲ್ಲಿ ಎಚ್.ಎಲ್.ಎನ್. ಸಿಂಹ ಅವರ 'ಬೇಡರ ಕಣ್ಣಪ್ಪ'ದ ಮೂಲಕ ರಾಜ್‌ಕುಮಾರ್ ಆದರು. ಈಗ ಅನೇಕ ಚಿತ್ರಗಳಲ್ಲಿ, ಜಾಹೀರಾತುಗಳಲ್ಲಿ ಈ ಹುಡುಕಾಟ ಕಾಸ್ಟಿಂಗ್ ಡೈರೆಕ್ಟರ್‌ಗಳದ್ದು. ಪಾತ್ರಕ್ಕೆ ಒಪ್ಪುವವರನ್ನು ಅವರು ಸೂಚಿಸುತ್ತಾರೆ; ಅಂತಿಮ ತೀರ್ಮಾನ ನಿರ್ದೇಶಕ, ನಿರ್ಮಾಪಕರದು. ಅವರಿಗೆ ಸಂಭಾವನೆ ಕೊಡಬೇಕಾದದ್ದು ನಿರ್ಮಾಣ ಸಂಸ್ಥೆಯೇ ಹೊರತು ನಟನಲ್ಲ. ಆದ್ದರಿಂದ ನಟನಿಂದ ಹಣ ಕೇಳುವವನು ಈ ವೃತ್ತಿಗೆ ಸೇರಿದವನೇ ಅಲ್ಲವೆಂದು ತಿಳಿಯುವುದು ಕ್ಷೇಮ.

ಸಂಪರ್ಕಿಸುವ ಕ್ರಮ ಸರಳವಾದದ್ದು. ನಾಲ್ಕು ಸಾಲಿನ ವಿನಯದ ಪತ್ರ ಸಾಕು. ವಯಸ್ಸು, ಎತ್ತರ, ಊರು, ಬಲ್ಲ ಭಾಷೆಗಳು, ಮಾಡಿದ ಪಾತ್ರಗಳು ಉತ್ಪ್ರೇಕ್ಷೆಯಿಲ್ಲದೆ ಅದರಲ್ಲಿರಲಿ. ಹಗಲು ಬೆಳಕಿನಲ್ಲಿ ತೆಗೆದ, ತಿದ್ದದ ಎರಡು ಮೂರು ಭಾವಚಿತ್ರಗಳೂ ಒಂದೆರಡು ನಿಮಿಷದ ಅಭಿನಯದ ವಿಡಿಯೊವೂ ಜೊತೆಗಿರಲಿ. ಮೈಕಿಲ್ಲದ ಬಯಲಿಗೆ ಹೊಂದಿಕೊಂಡ ಕಂಠವನ್ನು ಕ್ಯಾಮೆರಾದ ಮುಂದೆ ತಗ್ಗಿಸಲು ಕಲಿಯಬೇಕು. ಕರೆ ಬಂದ ಪಾತ್ರಕ್ಕೆ ತಾನು ಹೊಂದುವೆನೇ ಎಂದು ಮೊದಲು ಯೋಚಿಸಿ ಬರೆಯಬೇಕು. ಉತ್ತರ ಬಾರದಿದ್ದರೆ ದಿನವೂ ಕರೆ ಮಾಡಿ ಪೀಡಿಸಬಾರದು. ಹೊಸ ಕೆಲಸ ಮಾಡಿದಾಗ ಮತ್ತೊಮ್ಮೆ ತಿಳಿಸಿದರಾಯಿತು. ಪರೀಕ್ಷೆಗೆ ಕರೆದರೆ ಚಿತ್ರದ ಹೆಸರು, ಸಂಸ್ಥೆ, ವಿಳಾಸ ವಿಚಾರಿಸಿಕೊಂಡು, ಮನೆಯವರಿಗೆ ತಿಳಿಸಿಯೇ ಹೋಗಬೇಕು. ಹೋಟೆಲ್ ಕೋಣೆಗೆ ಒಬ್ಬರೇ ಬನ್ನಿ ಎಂದರೆ ನಿರಾಕರಿಸುವುದು ಅಸಭ್ಯತೆಯಲ್ಲ.

ಗಡಿಯ ಈ ಸೀಮೆಯವರಿಗೆ ಕನ್ನಡ, ತೆಲುಗು ಎರಡೂ ನಾಲಗೆಯ ಮೇಲಿವೆ. ಎರಡು ಚಿತ್ರರಂಗಗಳ ಬಾಗಿಲು ತಟ್ಟಬಲ್ಲ ಈ ಅರ್ಹತೆಯನ್ನು ಎಷ್ಟೋ ಮಂದಿ ಪತ್ರದಲ್ಲಿ ಬರೆಯುವುದನ್ನೇ ಮರೆಯುತ್ತಾರೆ. 'ಉಚ್ಚಾರಣೆ ಹಳ್ಳಿಯದು' ಎಂದು ನಾಚುತ್ತಾರೆ.

ಗೌರಿಬಿದನೂರಿನ ಹೊಸೂರಿನಿಂದ ಓದಿಗಾಗಿ ಬೆಂಗಳೂರಿಗೆ ನಡೆದೇ ಹೋದವರು ಎಚ್. ನರಸಿಂಹಯ್ಯ. ಪ್ರಶ್ನಿಸದೆ ಏನನ್ನೂ ಒಪ್ಪಬಾರದೆಂದು ಅವರು ಜೀವನವಿಡೀ ಸಾರಿದರು. ಅದೇ ಹಾದಿಯಲ್ಲಿ ಕನಸು ಹೊತ್ತು ಹೊರಡುವ ಇಂದಿನ ಯುವಜನ 'ಈ ಹಣ ಏತಕ್ಕೆ?' ಎಂದು ಒಮ್ಮೆ ಕೇಳಿದರೂ ಸಾಕು, ಎಷ್ಟೋ ಮನೆಗಳ ಗಂಟು ಉಳಿದೀತು.