ಉಣುಗಿನ ಒಡಲಲ್ಲಿರುವ ವಿಷಾಣುವೂ ಮಂಗನ ಕಾಯಿಲೆಯೂ

ರಕ್ತ ಹೀರುವ ಕ್ರಿಮಿಗಳಿಂದಾಗುವ ಕೇಡು ಕಡಿತದಷ್ಟಕ್ಕೇ ಮುಗಿಯುವುದಿಲ್ಲ. ಅವುಗಳ ಒಡಲಿನಲ್ಲಿ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ವಾಸಿಸುವುದುಂಟು. ಮಲೇರಿಯಾದ ರೋಗಾಣು ಸೊಳ್ಳೆಯಲ್ಲಿಯೂ ಪ್ಲೇಗಿನ ರೋಗಾಣು ಇಲಿಯ ಚಿಗಟದಲ್ಲಿಯೂ ಇರುವುದು ಅನೇಕರಿಗೆ ತಿಳಿದ ಸಂಗತಿ. ಅದರಂತೆಯೇ ಕಾಡಿನ ಉಣುಗು, ಅಂದರೆ ಉಣ್ಣಿ, ತನ್ನಲ್ಲಿಟ್ಟುಕೊಂಡಿರತಕ್ಕ ಒಂದು ವಿಷಾಣುವಿನಿಂದ ಮಂಗನ ಕಾಯಿಲೆಯು ಉಂಟಾಗುತ್ತದೆ. ಖಾನಾಪುರದಂಥ ಅರಣ್ಯ ತಾಲ್ಲೂಕಿನ ಹಿಡುವಳಿದಾರರೂ ಗ್ರಾಮದ ಮುಖ್ಯಸ್ಥರೂ ಇದರ ಕ್ರಮವನ್ನು ಅರಿತಿರುವುದು ಅತ್ಯಾವಶ್ಯಕ.

ರೋಗದ ಪೂರ್ವವೃತ್ತಾಂತ

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಅರಣ್ಯದಲ್ಲಿ ಮಂಗಗಳು ಸಾಯತೊಡಗಿದವು. ಸುತ್ತಲಿನ ಗ್ರಾಮಗಳ ಜನರಿಗೂ ಕಠಿಣವಾದ ಜ್ವರ ಬಂದಿತು. ಪುಣೆಯ ವೈರಸ್ ಸಂಶೋಧನ ಕೇಂದ್ರದವರು ಇದರ ವಿಷಾಣುವನ್ನು ಬೇರ್ಪಡಿಸಿ ತೋರಿಸಿದರು. ಬಹುಕಾಲ ಆ ಸೀಮೆಯಲ್ಲಿಯೇ ಇದ್ದ ರೋಗವು ಕ್ರಮೇಣ ಸಹ್ಯಾದ್ರಿಯುದ್ದಕ್ಕೂ ಹಬ್ಬಿ, 2015ರಲ್ಲಿ ಗೋವೆಯ ಸತ್ತರಿ ತಾಲ್ಲೂಕಿನಲ್ಲಿ ಕಾಣಿಸಿಕೊಂಡಿತು. ಖಾನಾಪುರಕ್ಕೂ ಸತ್ತರಿಗೂ ನಡುವೆ ಇರುವುದು ಘಟ್ಟದ ಕಾಡು ಮಾತ್ರ. ಅಲ್ಲಿಯ ಗೇರುತೋಟಗಳಿಗೆ ಕೂಲಿಗಾಗಿ ಹೋಗಿದ್ದ ಬೆಳಗಾವಿ ಜಿಲ್ಲೆಯ ಜನರಲ್ಲಿಯೂ ಈ ರೋಗ ಪತ್ತೆಯಾಯಿತು.

ವಿಷಾಣುವು ಉಳಿದುಕೊಳ್ಳುವ ಬಗೆ

ಮೊಟ್ಟೆಯೊಡೆದು ಬಂದ ಮರಿಗೆ ಆರು ಕಾಲುಗಳು. ಅದು ಒಮ್ಮೆ ರಕ್ತ ಕುಡಿದು ಪೊರೆ ಕಳಚಿದಾಗ ಎಂಟು ಕಾಲಿನ ಎಳೆಯ ಉಣುಗಾಗುತ್ತದೆ. ಇನ್ನೊಮ್ಮೆ ಕುಡಿದು ಪೊರೆ ಕಳಚಿ ಬಲಿತ ಉಣುಗಾಗುತ್ತದೆ. ಮರಿಯು ರೋಗವುಳ್ಳ ಮಂಗನನ್ನಾಗಲಿ ಕಾಡಿಲಿಯನ್ನಾಗಲಿ ಕಚ್ಚಿದಲ್ಲಿ ವಿಷಾಣುವು ಅದರ ಒಡಲನ್ನು ಸೇರುತ್ತದೆ. ಪೊರೆ ಕಳಚಿದರೂ ವಿಷಾಣುವು ಕಳಚಿಹೋಗುವುದಿಲ್ಲ. ಮುಂದಿನ ಕಡಿತದಲ್ಲಿ ಅದು ಜೊಲ್ಲಿನೊಡನೆ ಮತ್ತೊಂದು ಪ್ರಾಣಿಗೆ ದಾಟುತ್ತದೆ. ಮನುಷ್ಯನಿಗೆ ರೋಗ ತರುವುದು ಹೆಚ್ಚಾಗಿ ಎಳೆಯ ಉಣುಗೇ. ಅದು ಎಳ್ಳುಕಾಳಿಗಿಂತ ದೊಡ್ಡದಲ್ಲವಾದುದರಿಂದ ಮೈಮೇಲೆ ಹತ್ತಿದ್ದು ತಿಳಿಯುವುದೇ ಕಷ್ಟ. ಮಳೆಗಾಲ ಕಳೆದ ಮೇಲೆ ಮೊದಲಾಗಿ ಬೇಸಿಗೆಯವರೆಗೆ ಇದರ ಕಾಲ. ತರಗು, ಸೌದೆ, ಗೇರುಬೀಜಗಳನ್ನು ಸಂಗ್ರಹಿಸುವ ಕಾಲವೂ ಅದೇ.

ಬಲಿತ ಉಣುಗು ದನದ ರಕ್ತವನ್ನು ಕುಡಿದು ಉದುರಿ ತರಗಿನಲ್ಲಿ ಮೊಟ್ಟೆಯಿಡುತ್ತದೆ. ದನಗಳು ಈ ರೋಗದಿಂದ ನರಳುವುದಿಲ್ಲ. ಆದಾಗ್ಯೂ ಉಣುಗಿನ ಸಂತಾನ ಹೆಚ್ಚುವುದಕ್ಕೆ ಕಾಡಿನಲ್ಲಿ ಮೇಯುವ ದನಗಳೇ ಆಧಾರವಾಗುತ್ತವೆಂಬುದನ್ನು ರೈತರು ಮರೆಯಬಾರದು.

ಲಕ್ಷಣಗಳು

ಕಡಿತವಾದ ಮೂರರಿಂದ ಎಂಟು ದಿನಗಳಲ್ಲಿ ಹಠಾತ್ತನೆ ಜ್ವರ, ಕಡು ತಲೆನೋವು, ಮೈಕೈನೋವು, ವಾಂತಿ ಕಾಣಿಸುತ್ತವೆ. ಕೆಲವರಿಗೆ ಮೂಗು ಒಸಡುಗಳಿಂದ ರಕ್ತ ಬರುವುದುಂಟು. ಕೆಲವರಲ್ಲಿ ಜ್ವರ ಬಿಟ್ಟು ಒಂದೆರಡು ವಾರಗಳ ಮೇಲೆ ಪುನಃ ಮರುಕಳಿಸುತ್ತದೆ. ನೂರು ರೋಗಿಗಳಲ್ಲಿ ಮೂರರಿಂದ ಐದು ಮಂದಿ ಸಾಯುವರು. ಇದಕ್ಕೆಂದೇ ಮೀಸಲಾದ ಔಷಧಿಯಿಲ್ಲ. ಆದರೆ ಬೇಗನೆ ಆಸ್ಪತ್ರೆ ಸೇರಿದವರಿಗೆ ಶುಶ್ರೂಷೆಯಿಂದ ಪ್ರಯೋಜನವುಂಟು. 1990ರಿಂದ ಹಾಕುತ್ತಿದ್ದ ಲಸಿಕೆಯನ್ನು ಪರಿಣಾಮ ಸಾಲದೆಂದು 2022ರಲ್ಲಿ ನಿಲ್ಲಿಸಲಾಯಿತು. ಆದಕಾರಣ ಉಣುಗು ಕಚ್ಚದಂತೆ ನೋಡಿಕೊಳ್ಳುವುದೇ ಮುಖ್ಯವಾದ ಉಪಾಯ.

ಅನುಸರಿಸತಕ್ಕ ಕ್ರಮಗಳು

1. ಕಾಡಿಗೆ ಹೋಗುವವರು ಮೈತುಂಬ ಬಟ್ಟೆ ಧರಿಸಿ, ಆರೋಗ್ಯ ಇಲಾಖೆಯವರು ಕೊಡುವ ಉಣುಗು ನಿವಾರಕ ತೈಲವನ್ನು ಕೈಕಾಲುಗಳಿಗೆ ಲೇಪಿಸಿಕೊಳ್ಳತಕ್ಕದ್ದು.

2. ಮನೆಗೆ ಬಂದೊಡನೆ ಬಟ್ಟೆಯನ್ನು ಬಿಸಿನೀರಿನಲ್ಲಿ ಹಾಕಿ, ಸೋಪು ಹಚ್ಚಿ ಸ್ನಾನ ಮಾಡಿ, ಮೈಯನ್ನು ಪರೀಕ್ಷಿಸತಕ್ಕದ್ದು.

3. ಕಚ್ಚಿಕೊಂಡ ಉಣುಗನ್ನು ಬರಿಗೈಯಿಂದ ಹಿಸುಕದೆ ಚಿಮುಟದಿಂದ ಮೆಲ್ಲನೆ ಕೀಳತಕ್ಕದ್ದು.

4. ದನಗಳ ಮೈಮೇಲಿನ ಉಣುಗುಗಳಿಗೆ ಪಶುವೈದ್ಯರು ಹೇಳಿದ ಔಷಧವನ್ನು ಉಪಯೋಗಿಸತಕ್ಕದ್ದು.

5. ಸತ್ತ ಮಂಗನನ್ನು ಯಾರೂ ಮುಟ್ಟಕೂಡದು. ಮಂಗ ಸತ್ತಲ್ಲಿ ಅದರ ಮೈಯಿಂದ ಇಳಿದ ಉಣುಗುಗಳು ಸುತ್ತಲೂ ಹರಡುತ್ತವೆ. ಆದ್ದರಿಂದ ಆ ಕಡೆ ಜನ, ದನ ಹೋಗದಂತೆ ತಡೆದು, ಆರೋಗ್ಯ ಮತ್ತು ಅರಣ್ಯ ಇಲಾಖೆಗಳಿಗೆ ಕೂಡಲೆ ವರ್ತಮಾನ ಕೊಡತಕ್ಕದ್ದು.

ಮುಖ್ಯಸ್ಥರ ಕರ್ತವ್ಯ

ಗೇರುತೋಟದ ಕೆಲಸದಿಂದ ಮರಳಿದ ಕೂಲಿಯವನಿಗೆ ಜ್ವರ ಬಂದಲ್ಲಿ ಅವನು ಯಾವ ಕಾಡಿನಲ್ಲಿದ್ದನೆಂಬುದನ್ನು ವಿಚಾರಿಸಿ, ಖಾನಾಪುರದ ಸರಕಾರಿ ಆಸ್ಪತ್ರೆಗೆ, ಅವಶ್ಯವಿದ್ದರೆ ಬೆಳಗಾವಿಯ ಜಿಲ್ಲಾ ಆಸ್ಪತ್ರೆಗೆ ಕಳುಹಿಸಿ, ಆ ಸಂಗತಿಯನ್ನು ವೈದ್ಯರಿಗೆ ತಿಳಿಸಬೇಕು. ಇದು ತಿಳಿಯದಿದ್ದಲ್ಲಿ ಸಾಧಾರಣ ಜ್ವರವೆಂದು ಭಾವಿಸಿ ಕಾಲಹರಣವಾಗುವ ಸಂಭವವುಂಟು. ಈ ರೋಗವು ಮನುಷ್ಯನಿಂದ ಮನುಷ್ಯನಿಗೆ ಅಂಟುವುದಿಲ್ಲ. ಆದುದರಿಂದ ರೋಗಿಯನ್ನಾಗಲಿ ಅವನ ಮನೆಯವರನ್ನಾಗಲಿ ದೂರವಿಡಲು ಕಾರಣವೇ ಇಲ್ಲ. ಹಾಗೆ ದೂರವಿಡುವ ಊರಿನಲ್ಲಿ ಜನರು ಜ್ವರವನ್ನು ಮುಚ್ಚಿಡುವರು. ಮುಚ್ಚಿಟ್ಟ ಜ್ವರವು ಪ್ರಾಣಕ್ಕೆ ಎರವಾಗುವುದು.