ಐದು ಹಾಡಿನ ಪಟ್ಟಿ ಮತ್ತು ಉಮ್ಮನ ಮಾಲೆ

"ಮಾಮ, ಹೆಂಗಸರು ಹಾಡಿದ ಹಾಡುಗಳಲ್ಲಿ ನಿಮಗೆ ತುಂಬಾ ಇಷ್ಟದ್ದು ಐದು ಹೇಳಿ ನೋಡುವ."

ಮನೆಯಲ್ಲೊಂದು ಮದುವೆ. ಹಿಂದಿನ ದಿನ ಮದರಂಗಿಯ ಗಡಿಬಿಡಿಯ ಮಧ್ಯೆ ಅಕ್ಕನ ಮಗಳು ನಮ್ಮಲ್ಲಿ ಹೀಗೆ ಕೇಳಿದಳು. ಪಿಯುಸಿ ಓದುವ ಹುಡುಗಿ. ರಾತ್ರಿಗೆ ಯಾವ ಹಾಡು ಹಾಕುವುದೆಂದು ಮೊಬೈಲಿನಲ್ಲಿ ಪಟ್ಟಿ ಮಾಡ್ತಾ ಇದ್ದಳು. ಮದ್ರಸದಲ್ಲಿ ಕಲಿಸುವವರಲ್ಲಿ ಇದನ್ನು ಕೇಳಬಹುದಾ ಎಂಬ ಅಂಜಿಕೆಯೂ ಅವಳ ಮುಖದಲ್ಲಿತ್ತು. ಹಾಡು, ಸಂಗೀತದ ಬಗ್ಗೆ ಉಲಮಾಗಳಲ್ಲಿ ಬೇರೆ ಬೇರೆ ಅಭಿಪ್ರಾಯ ಉಂಟು. ಅದರ ತೀರ್ಪು ಹೇಳುವುದು ಈ ಬರಹದ ಕೆಲಸವಲ್ಲ. ಆದರೆ ನಾವು ಕೇಳಿಯೇ ಇಲ್ಲ ಅಂದ್ರೆ ಅದು ಸುಳ್ಳಾಗ್ತದೆ. ಉಮ್ಮ ತಡ್ಪೆ ಮಡಿಲಲ್ಲಿಟ್ಟು ಬೀಡಿ ಕಟ್ಟುವಾಗ ಪಕ್ಕದಲ್ಲಿ ರೇಡಿಯೋ ಹಾಡ್ತಾ ಇತ್ತು. ನಾವು ಓದು ಕಲಿತದ್ದೇ ಆ ಸದ್ದಿನಲ್ಲಿ.

ಮೊದಲನೆಯದು 'ಮುಘಲ್-ಎ-ಆಝಂ' ಅಂದೆವು. 1960ರ ಚಿತ್ರ. ಅದರಲ್ಲಿ ಮದೀನಾದ ನಾಯಕರಲ್ಲಿ (ಸ.) ಮೊರೆಯಿಡುವ ಹಾಡೊಂದು ಉಂಟು. ಬರೆದವರು ಶಕೀಲ್ ಬದಾಯುನಿ, ರಾಗ ಹಾಕಿದವರು ನೌಶಾದ್, ಹಾಡಿದವರು ಲತಾ ಮಂಗೇಶ್ಕರ್. ಅದೇ ಚಿತ್ರದ ಕವ್ವಾಲಿಯಲ್ಲಿ ಲತಾರಿಗೆ ಎದುರಾಗಿ ಶಂಶಾದ್ ಬೇಗಂ ಹಾಡಿದ್ದಾರೆ. ಶಂಶಾದ್ ಲಾಹೋರಿನವರು. ಹಾಡಲು ಅವರ ತಂದೆ ಒಪ್ಪಿದ್ದು ಶರ್ತ ಹಾಕಿಯೇ: ಬುರ್ಖಾ ಹಾಕಿ ಹೋಗಬೇಕು, ಫೋಟೋ ತೆಗೆಸಬಾರದು. ಮಗಳು ಎರಡಕ್ಕೂ ಒಪ್ಪಿದಳು. ದೇಶವಿಡೀ ಸ್ವರ ಗೊತ್ತಿತ್ತು, ಮುಖ ಗೊತ್ತಿರಲಿಲ್ಲ. ಅವರು ತೀರಿಕೊಂಡದ್ದು 2013ರಲ್ಲಿ.

ಎರಡನೆಯದೂ ಶಕೀಲರದ್ದೇ ಗಝಲ್, ಹಾಡಿದವರು ಬೇಗಂ ಅಖ್ತರ್. ಫೈಝಾಬಾದಿನಲ್ಲಿ 1914ರಲ್ಲಿ ಹುಟ್ಟಿದವರು. 1945ರಲ್ಲಿ ಲಕ್ನೋದ ಒಬ್ಬ ಬ್ಯಾರಿಸ್ಟರರನ್ನು ಮದುವೆಯಾದ ಮೇಲೆ ಹಾಡು ನಿಂತಿತು. ಕೆಲವು ವರ್ಷಗಳಲ್ಲಿ ಶರೀರ ಹಾಳಾಯಿತು. ಕೊನೆಗೆ ಹಾಡುವುದೇ ಇದಕ್ಕೆ ಮದ್ದು ಎಂದಾಗಿ 1949ರಲ್ಲಿ ಲಕ್ನೋ ಆಕಾಶವಾಣಿಗೆ ಹೋಗಿ ಮತ್ತೆ ಹಾಡಿದರು. ಅಲ್ಲಿಂದ 1974ರಲ್ಲಿ ತೀರಿಹೋಗುವವರೆಗೆ ನಿಲ್ಲಿಸಲಿಲ್ಲ.

ಮೂರನೆಯದು ಈಜಿಪ್ಟಿನ ಉಮ್ಮು ಕುಲ್ಸೂಂ. ಅವರ ತಂದೆ ಹಳ್ಳಿಯ ಮಸೀದಿಯ ಇಮಾಮರು. ಮದುವೆ ಮನೆಗಳಲ್ಲಿ ದೀನೀ ಹಾಡು ಹೇಳಿ ನಾಲ್ಕು ಕಾಸು ಸಂಪಾದಿಸುತ್ತಿದ್ದರು. ಮಗನಿಗೆ ಕಲಿಸುವಾಗ ಮಗಳು ಕೇಳಿಯೇ ಕಲಿತಳು. ಜನ ಏನಾದರೂ ಹೇಳಿಯಾರೆಂದು ತಂದೆ ಅವಳಿಗೆ ಗಂಡು ಹುಡುಗನ ಉಡುಪು ತೊಡಿಸಿ ಕರಕೊಂಡು ಹೋಗುತ್ತಿದ್ದರಂತೆ. ಮುಂದೆ ಪ್ರತಿ ತಿಂಗಳ ಮೊದಲ ಗುರುವಾರ ರಾತ್ರಿ ಅವರ ಹಾಡಿಗಾಗಿ ಅರಬ್ ಜಗತ್ತು ರೇಡಿಯೋದ ಮುಂದೆ ಕೂರುವ ಕಾಲ ಬಂತು. ಅಹ್ಮದ್ ಶೌಕಿ ಪ್ರವಾದಿಯವರ (ಸ.) ಜನನದ ಬಗ್ಗೆ ಬರೆದ ಕವಿತೆಯನ್ನು ಅವರು ಹಾಡಿದ್ದನ್ನು ಕೇಳಿ ನೋಡಿ. ಒಂದೊಂದು ಅಕ್ಷರವೂ ಅದರ ಮಖ್ರಜ್‌ನಿಂದಲೇ ಹೊರಡುತ್ತದೆ. ಚಿಕ್ಕಂದಿನಲ್ಲಿ ಕುರ್‌ಆನ್ ಓದಲು ಕಲಿತ ನಾಲಗೆ ಅದು.

ನಾಲ್ಕನೆಯದು ನಮ್ಮ ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದವರು. ಮಗಳ ಹಿಂದುಸ್ತಾನಿ ಕಲಿಕೆಗೆ ತೊಂದರೆ ಆಗಬಾರದೆಂದು ತನ್ನ ಹಾಡನ್ನೇ ಬಿಟ್ಟರು. ಮಗಳು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಸವಾಯಿ ಗಂಧರ್ವರಲ್ಲಿ ಕಲಿತರು. ಸವಾಯಿ ಗಂಧರ್ವರ ಗುರು ಉಸ್ತಾದ್ ಅಬ್ದುಲ್ ಕರೀಂ ಖಾನ್. ಗಂಟಲಿನ ಚಿಕಿತ್ಸೆಯ ನಂತರ ಗಂಗೂಬಾಯಿಯ ಸ್ವರ ಗಂಡಸರ ಸ್ವರದಂತೆ ದಪ್ಪವಾಯಿತು. ಅದನ್ನೇ ಹಿಡಿದು ಹಾಡಿ 2002ರಲ್ಲಿ ಪದ್ಮವಿಭೂಷಣ ಪಡೆದರು.

ಐದನೆಯದು ಹೇಳುವ ಮೊದಲೇ ಹುಡುಗಿ "ವಿಳಯಿಲ್ ಫಸೀಲಾ ಅಲ್ವಾ?" ಅಂದಳು. ಮತ್ತೆ ಯಾರು! ಗಲ್ಫಿನಿಂದ ಟೇಪ್‌ರೆಕಾರ್ಡರ್ ಬಂದ ಬ್ಯಾರಿ ಮನೆಗಳಿಗೆ ಫಸೀಲಾರ ಮಾಪ್ಪಿಳ ಹಾಡಿನ ಕ್ಯಾಸೆಟ್ ಕೂಡ ಬಂದಿದೆ. 2023ರಲ್ಲಿ ಅವರು ತೀರಿಕೊಂಡಾಗ ನಮ್ಮ ಊರಿನ ಹೆಂಗಸರು ಹತ್ತಿರದ ಸಂಬಂಧಿ ಹೋದಂತೆ ಮಾತಾಡಿಕೊಂಡಿದ್ದರು.

ಪಟ್ಟಿ ಮುಗಿಯಿತು ಅಂತ ಅವಳು ಏಳುವಾಗ ನಾವೇ ತಡೆದೆವು. "ಇನ್ನೊಂದುಂಟು, ಅದು ನಿನ್ನ ಮೊಬೈಲಿನಲ್ಲಿ ಸಿಕ್ಕುದಿಲ್ಲ."

ಮಗ್ರಿಬ್ ಆದ ಮೇಲೆ ಉಮ್ಮ ಮುಹಿಯುದ್ದೀನ್ ಮಾಲೆ ಹೇಳುತ್ತಿದ್ದರು. ಕಲ್ಲಿಕೋಟೆಯ ಖಾಝಿ ಮುಹಮ್ಮದ್ 1607ರಲ್ಲಿ ರಚಿಸಿದ್ದು. ಪುಸ್ತಕ ಎಲ್ಲಿ ಬೇಕಾದರೂ ಸಿಗ್ತದೆ, ಉಮ್ಮನ ಧಾಟಿ ಸಿಗುವುದಿಲ್ಲ. ಮದುವೆ ಮನೆಯಲ್ಲಿ ಮದುಮಗಳನ್ನು ನಡುವೆ ಕೂರಿಸಿ ಅವರು ಹೇಳುತ್ತಿದ್ದ ಹಾಡುಗಳು ಬೇರೆಯೇ ಇದ್ದವು. ಅವು ಯಾವ ಪುಸ್ತಕದಲ್ಲೂ ನಮ್ಮ ಕಣ್ಣಿಗೆ ಬಿದ್ದಿಲ್ಲ. ಉಮ್ಮ ಹೋಗಿ ಒಂಬತ್ತು ವರ್ಷ ಆಯಿತು. ಅವರ ಸ್ವರದ ಒಂದು ನಿಮಿಷವೂ ನಮ್ಮಲ್ಲಿಲ್ಲ. ನಾವು ಅಲಿಫ್ ಬಾ ಕಲಿಸಿ ನೂರಾರು ಮಕ್ಕಳ ಓದನ್ನು ಕೇಳಿದವರು, ಮನೆಯ ಸ್ವರವನ್ನು ಹಿಡಿದಿಡಬೇಕೆಂದು ಹೊಳೆಯಲೇ ಇಲ್ಲ.

ಆ ಹಾಡುಗಳು ಅಕ್ಕನಿಗೆ ಬರುತ್ತಿದ್ದವು. ಚಿಕ್ಕಂದಿನಲ್ಲಿ ಮೀಲಾದ್ ಕಾರ್ಯಕ್ರಮದಲ್ಲಿ ಅವಳದ್ದೇ ಮೊದಲ ಬಹುಮಾನ. ಐದನೇ ಕ್ಲಾಸಿನ ನಂತರ ವೇದಿಕೆ ಹತ್ತುವುದು ಬೇಡ ಎಂದಾಯಿತು. ಮದುವೆಯಾದ ಮೇಲೆ ಮನೆಯಲ್ಲಿಯೂ ಹಾಡಲಿಲ್ಲ. ಯಾರೂ ಬೇಡ ಅಂದಿರಲಿಲ್ಲ, ಹಾಡು ಅಂತ ಹೇಳಿದವರೂ ಇಲ್ಲ. ಹೇಳದವರಲ್ಲಿ ನಾವೂ ಒಬ್ಬರು.

ಆ ರಾತ್ರಿ ಹುಡುಗಿ ತಾಯಿಯ ಮುಂದೆ ಮೊಬೈಲ್ ಹಿಡಿದು ಕೂತಳು. "ನಿನಗೆ ಬೇರೆ ಕೆಲಸ ಇಲ್ವಾ?" ಅಂತ ಅಕ್ಕ ಬೈದಳು. ಹೆಂಗಸರೆಲ್ಲ ಒತ್ತಾಯ ಮಾಡಿದ ಮೇಲೆ ಸೆರಗು ಸರಿ ಮಾಡಿಕೊಂಡು ಶುರು ಮಾಡಿದಳು. ಒಳಗೆ ಒಬ್ಬೊಬ್ಬರೇ ಸುಮ್ಮನಾದರು, ಹೊರಗೆ ಜಗಲಿಯಲ್ಲಿದ್ದ ನಾವೂ ಮಾತು ನಿಲ್ಲಿಸಿದೆವು. ಅದು ಉಮ್ಮನದ್ದೇ ಧಾಟಿ. ನಾಲ್ಕು ಸಾಲು ಆಗಿ ಐದನೆಯದಕ್ಕೆ ನಿಂತಳು. "ಮುಂದಿನದ್ದು ಮರೆತು ಹೋಗಿದೆ" ಅಂದಳು. ಬದಿಯಲ್ಲಿದ್ದ ವಯಸ್ಸಾದ ಹೆಂಗಸೊಬ್ಬರು ಎರಡು ಸಾಲು ಸೇರಿಸಿದರು. ಮತ್ತೆ ಯಾರಿಗೂ ನೆನಪಾಗಲಿಲ್ಲ.

ಈಗ ಆ ಆರು ಸಾಲು ಹುಡುಗಿಯ ಮೊಬೈಲಿನಲ್ಲಿ ಉಂಟು. ನಿಮ್ಮ ಮನೆಯಲ್ಲಿ ಅಜ್ಜಿಯೋ ಉಮ್ಮನೋ ಇದ್ದರೆ ಈ ಶುಕ್ರವಾರ ಊಟ ಆದ ಮೇಲೆ ಹತ್ತಿರ ಕೂತು ಕೇಳಿ. ಮೊದಲು ಬೈಯುತ್ತಾರೆ, ಎದ್ದು ಹೋಗಬೇಡಿ.