ಚಳಿಗೆಂದೇ ಹುಟ್ಟಿದ ಕೋಳಿ

ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ ಜನವರಿಯ ರಾತ್ರಿ ಉಷ್ಣಾಂಶ ಸೊನ್ನೆಗಿಂತ 20 ಡಿಗ್ರಿ ಕೆಳಗಿಳಿಯುವುದು ಹೊಸದಲ್ಲ. ಕೋಳಿ ಅದನ್ನು ತಡೆದುಕೊಳ್ಳುತ್ತದೆ. ಮೈಮೇಲೆ ದಟ್ಟ ಪುಕ್ಕವಿದೆ, ಒಳಗೆ 41 ಡಿಗ್ರಿಯ ಕಾವಿದೆ. ಪೆಟ್ಟು ಬೀಳುವುದು ಪುಕ್ಕವಿಲ್ಲದ ಜಾಗಕ್ಕೆ. ಲೆಗ್‌ಹಾರ್ನ್ ತಳಿಯ ಹುಂಜದ ಎತ್ತರದ ಕೆಂಪು ಜುಟ್ಟು, ಗದ್ದದಡಿಯ ಜೋಲು ಮರಗಟ್ಟಿ, ಕಪ್ಪಾಗಿ, ಒಣಗಿ ಉದುರುತ್ತವೆ.

ಇದಕ್ಕೆ ಪರಿಹಾರ ಹುಡುಕಿದವರು ಒಬ್ಬ ಸನ್ಯಾಸಿ. ಮಾಂಟ್ರಿಯಲ್ ಸಮೀಪದ ಓಕಾದಲ್ಲಿ ಟ್ರಾಪಿಸ್ಟ್ ಪಂಥದ ಕ್ರೈಸ್ತ ಮಠವಿತ್ತು. ಅಲ್ಲಿ ಪ್ರಾರ್ಥನೆಯಷ್ಟೇ ಹೊಲದ ದುಡಿಮೆಯೂ ವ್ರತ. ಮಠದವರು ಕೃಷಿ ಶಾಲೆಯನ್ನೂ ನಡೆಸುತ್ತಿದ್ದರು. ಕೋಳಿಗಳ ಹೊಣೆ ಬ್ರದರ್ ವಿಲ್ಫ್ರಿಡ್ ಶಾತ್ಲೆನ್ ಅವರದು. 1907ರಲ್ಲಿ ತಂದೆಯ ಜೊತೆ ಕೋಳಿ ಅಂಗಳದಲ್ಲಿ ಅಡ್ಡಾಡುವಾಗ ಮಾತು ತಳಿಗಳತ್ತ ಹೊರಳಿತಂತೆ. ಇದ್ದವೆಲ್ಲ ಹೊರಗಿನವು, ಕೆನಡಾದ್ದೆಂದು ಹೇಳಿಕೊಳ್ಳಲು ಒಂದೂ ಇರಲಿಲ್ಲ. ಆ ಕೊರತೆ ವಿಲ್ಫ್ರಿಡ್ ಮನಸ್ಸಿನಲ್ಲಿ ಕೂತುಬಿಟ್ಟಿತು.

ಮರುವರ್ಷವೇ ಅವರು ತಳಿಗಳನ್ನು ಬೆರೆಸತೊಡಗಿದರು. ಕಾರ್ನಿಷ್, ಬಿಳಿ ಲೆಗ್‌ಹಾರ್ನ್, ರೋಡ್ ಐಲೆಂಡ್ ರೆಡ್, ವಯಾಂಡಾಟ್, ಆಮೇಲೆ ಬಿಳಿ ಪ್ಲಿಮತ್ ರಾಕ್. ಮರಿಗಳು ಬೆಳೆಯಬೇಕು, ಚಳಿಗಾಲ ಕಳೆಯಬೇಕು, ಹೇಂಟೆಗಳು ಚಳಿಯಲ್ಲೂ ಮೊಟ್ಟೆ ಇಡುತ್ತವೆಯೇ ನೋಡಬೇಕು, ಮತ್ತೆ ಆಯ್ದು ಜೋಡಿ ಮಾಡಬೇಕು. ಸುಮಾರು ಹತ್ತು ವರ್ಷದ ಈ ತಾಳ್ಮೆಯೇ ನನ್ನನ್ನು ಅವರ ಕಡೆ ಎಳೆದದ್ದು. ಶಾಂತ್‌ಕ್ಲೇರ್ ಎಂಬ ಹೊಸ ತಳಿ 1918ರಲ್ಲಿ ಜನರೆದುರು ಬಂತು. 1921ರಲ್ಲಿ ಅಮೆರಿಕನ್ ಪೌಲ್ಟ್ರಿ ಅಸೋಸಿಯೇಷನ್‌ನ ಮಾನ್ಯತೆ ಪಡೆಯಿತು. ಅಚ್ಚ ಬಿಳುಪು, ತುಂಬಿದ ಮೈ. ಜುಟ್ಟು ಪುಟ್ಟ ದಿಂಬಿನಂತೆ ತಲೆಗೆ ಅಂಟಿಕೊಂಡಿದೆ, ಜೋಲು ಇದ್ದೂ ಇಲ್ಲದಷ್ಟು. ಹೆಪ್ಪುಗಟ್ಟಿಸಲು ಚಳಿಗೆ ಅಲ್ಲಿ ಹೆಚ್ಚೇನೂ ಸಿಗುವುದಿಲ್ಲ.

ಅಂದಕ್ಕೆ ಹೆಸರಾದ ತಳಿಗಳ ಪಾಡು ನೋಡಿದರೆ ಇದರ ಬೆಲೆ ತಿಳಿಯುತ್ತದೆ. ಪೋಲಿಷ್ ಕೋಳಿ ನೀರು ಕುಡಿಯುವಾಗ ತಲೆಯ ಗರಿಕುಚ್ಚು ನೆನೆದು ಮಂಜುಗಡ್ಡೆ ಕಟ್ಟುತ್ತದೆ. ಬ್ರಾಹ್ಮಾ ಕೋಳಿಯ ಕಾಲ್ಗರಿಗೆ ಹಿಮ ಉಂಡೆಗಟ್ಟುತ್ತದೆ. ಸಿಲ್ಕಿಯ ಬಿಡಿಬಿಡಿ ಎಳೆಗಳ ಪುಕ್ಕ ನೀರನ್ನೇ ತಡೆಯದು. ಬೆಚ್ಚಗಿರಲೆಂದು ಗೂಡನ್ನು ಬಿಗಿಯಾಗಿ ಮುಚ್ಚಿದರೆ ಇನ್ನೂ ಕೆಡುಕು: ಉಸಿರಿನ, ಹಿಕ್ಕೆಯ ತೇವ ಒಳಗೇ ನಿಂತು ಜುಟ್ಟು ಹೆಪ್ಪುಗಟ್ಟುವುದು ಹೆಚ್ಚುತ್ತದೆ. ಹಾಗಾಗಿ ಅನುಭವಿಗಳು ಮಾಡಿನ ಹತ್ತಿರ ಗಾಳಿಕಿಂಡಿ ತೆರೆದೇ ಇಡುತ್ತಾರೆ. ಕೂರಲು ಅಗಲದ ಪಟ್ಟಿ ಹಾಕಿದರೆ ಕೋಳಿ ಬೆರಳುಗಳನ್ನು ಎದೆಪುಕ್ಕದಡಿ ಮುಚ್ಚಿಕೊಳ್ಳುತ್ತದೆ. ಕಾವಿಗೆಂದು ಹಾಕಿದ ಬಿಸಿದೀಪದಿಂದ ಹುಲ್ಲಿಗೆ ಬೆಂಕಿ ತಗುಲಿ ಗೂಡೇ ಸುಟ್ಟುಹೋಗುವುದೂ ಉಂಟು.

ಮುಂದೆ ದೊಡ್ಡ ಫಾರಂಗಳು ಬಂದವು. ಕಾವಿನ ವ್ಯವಸ್ಥೆಯ ಶೆಡ್ಡಿನೊಳಗೆ ಮಿಶ್ರತಳಿಗಳು ಹೆಚ್ಚು ಮೊಟ್ಟೆ ಇಟ್ಟವು. ಚಳಿ ತಡೆಯುವ ಕೋಳಿಯನ್ನು ಕೇಳುವವರು ಇಲ್ಲವಾದರು. ಶಾಂತ್‌ಕ್ಲೇರ್ ಅಳಿವಿನ ಅಂಚಿಗೆ ಹೋಯಿತು. 1999ರಲ್ಲಿ ಕ್ವಿಬೆಕ್ ಅದನ್ನು ಕಾನೂನಿನ ಮೂಲಕ ತನ್ನ ಪಾರಂಪರಿಕ ತಳಿಯೆಂದು ಗುರುತಿಸಿತು. 2009ರಲ್ಲಿ ಸನ್ಯಾಸಿಗಳು ಓಕಾ ಬಿಟ್ಟು ಸೇಂಟ್-ಜಾನ್-ದ-ಮಾಥಾಕ್ಕೆ ಹೊರಟುಹೋದರು. ವಿಲ್ಫ್ರಿಡ್ ಅವರ ಕೋಳಿ ಈಗ ಉಳಿದಿರುವುದು ಹಿತ್ತಲಲ್ಲಿ ಸಾಕುವವರ, ಸಣ್ಣ ರೈತರ ಕೈಯಲ್ಲಿ. ಪ್ರತಿ ವಸಂತಕ್ಕೂ ಮರಿ ಮಾಡಿಸುವವರು ಇರುವಷ್ಟು ದಿನ ಅದು ಇದ್ದೀತು.